ಮೀನು ಒಣಗಿಸುತ್ತಿದ್ದ ಹುಡುಗ ಮತ್ತು ಪಿ ಅಂಡ್ ಓ ಹಡಗುಗಳು

ಓದುಗರ ಪ್ರಶ್ನೆ: ಮೇಡಂ, 1931ರಲ್ಲಿ ಗಾಂಧೀಜಿ ದುಂಡುಮೇಜಿನ ಪರಿಷತ್ತಿಗೆ ಹೊರಟ ‘ರಾಜಪುತಾನಾ’ ಹಡಗಿನ ಫೋಟೊ ನೋಡಿದೆ. ಅದು ಪಿ ಅಂಡ್ ಓ ಕಂಪನಿಯದಂತೆ. ಆ ಕಂಪನಿ ಕಟ್ಟಿದವರಲ್ಲಿ ಒಬ್ಬ ಚಿಕ್ಕಂದಿನಲ್ಲಿ ಮೀನು ಒಣಗಿಸುತ್ತಿದ್ದ, ಆಮೇಲೆ ಬ್ರಿಟನ್ನಿನ ಸಂಸದನೂ ಆದ ಅಂತ ಓದಿದೆ. ಇದು ನಿಜವೇ? ಸರ್ಕಾರದ ದುಡ್ಡಿನಲ್ಲಿ ಹಡಗು ಓಡಿಸುವವನು ಸಂಸತ್ತಿನಲ್ಲಿ ಕೂರಬಹುದಿತ್ತೇ? ಒಟ್ಟಿನಲ್ಲಿ ಅವನು ಒಳ್ಳೆಯವನೋ, ಬರೀ ಲಾಭಕೋರನೋ?

ಉತ್ತರ: ನಿಜ. ಅವನ ಹೆಸರು ಆರ್ಥರ್ ಆಂಡರ್ಸನ್. ನನಗೆ ತುಂಬಾ ಇಷ್ಟವಾದ ವಿಷಯ ಕೇಳಿದ್ದೀರಿ, ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತದೆ. ಬಡ ಹುಡುಗ ಸಾಹುಕಾರನಾದ ಎಂದಷ್ಟೇ ಹೇಳಿದರೆ ಇವನ ಕಥೆ ಅರ್ಥವಾಗುವುದಿಲ್ಲ. ಟಪಾಲು ಚೀಲದಿಂದ ಶುರುಮಾಡಿದರೆ ಅವನ ವ್ಯಾಪಾರವೂ ಗೊತ್ತಾಗುತ್ತದೆ, ರಾಜಕೀಯವೂ ಗೊತ್ತಾಗುತ್ತದೆ. ಆದರೂ ಮೊದಲು ಅವನ ಊರಿಗೆ ಹೋಗಿ ಬರೋಣ.

ಸ್ಕಾಟ್ಲೆಂಡಿನ ಉತ್ತರಕ್ಕೆ, ಸಮುದ್ರದ ನಡುವೆ, ಶೆಟ್ಲೆಂಡ್ ಎಂಬ ದ್ವೀಪಗಳಿವೆ. ಅಲ್ಲಿನ ಮುಖ್ಯ ಊರು ಲೆರ್ವಿಕ್. ಅಲ್ಲಿಂದ ಎಡಿನ್‌ಬರೋಗಿಂತ ನಾರ್ವೆಯ ಬರ್ಗನ್ ಹತ್ತಿರ. ಲೆರ್ವಿಕ್ ಪಕ್ಕದ ಗ್ರೆಮಿಸ್ಟಾದಲ್ಲಿ ದಡಕ್ಕೆ ಅಂಟಿಕೊಂಡಂತೆ ಒಂದು ಕಲ್ಲಿನ ಮನೆಯಿದೆ. ಇಂಥ ಮನೆಗೆ ಅಲ್ಲಿಯವರು ‘ಬೋಡ್’ ಎನ್ನುತ್ತಾರೆ. ಮೀನಿನ ದಾಸ್ತಾನೂ ಅಲ್ಲೇ, ಸಂಸಾರವೂ ಅಲ್ಲೇ. ಆಂಡರ್ಸನ್ ಹುಟ್ಟಿದ್ದು ಅಲ್ಲಿ, 1792ರ ಫೆಬ್ರವರಿಯಲ್ಲಿ. ಅಪ್ಪ ಮೀನು ಹದಮಾಡುವ ಕೆಲಸ ನೋಡಿಕೊಳ್ಳುತ್ತಿದ್ದ. ಹುಡುಗನೂ ಅದೇ ಕೆಲಸಕ್ಕೆ ಬಿದ್ದ. ಉಪ್ಪು ಹಾಕಿದ ಮೀನನ್ನು ದಡದ ಕಲ್ಲುಗಳ ಮೇಲೆ ಹರಡಬೇಕು, ತಿರುವಿ ಹಾಕಬೇಕು, ಮಳೆ ಬಂದರೆ ಓಡಿಬಂದು ಒಟ್ಟುಮಾಡಬೇಕು. ನಮ್ಮ ಕರಾವಳಿಯಲ್ಲಿ ಒಣಮೀನಿನ ಕೆಲಸ ಕಂಡವರಿಗೆ ಇದನ್ನು ವಿವರಿಸುವುದೇ ಬೇಡ. ಒಂದೇ ವ್ಯತ್ಯಾಸ, ನಮ್ಮಲ್ಲಿ ಬಿಸಿಲು ಧಾರಾಳ. ಶೆಟ್ಲೆಂಡಿನಲ್ಲಿ ಒಣಗಿಸಲು ಗಾಳಿಯನ್ನೇ ನಂಬಿಕೊಳ್ಳಬೇಕು.

ಅವನನ್ನು ಕೆಲಸಕ್ಕಿಟ್ಟುಕೊಂಡಿದ್ದವನು ಥಾಮಸ್ ಬೋಲ್ಟ್. ಹುಡುಗನ ಅಕ್ಷರ ಮತ್ತು ಲೆಕ್ಕ ನೋಡಿ ಅವನನ್ನು ಬರವಣಿಗೆ ಕೆಲಸಕ್ಕೆ ಹಾಕಿದ. ಅದು ನೆಪೋಲಿಯನ್ ಯುದ್ಧದ ಕಾಲ. ನೌಕಾಪಡೆಗೆ ಆಳು ಸಾಲದೆ ಹೋದಾಗ ದಡದಲ್ಲಿ ಸಿಕ್ಕ ಹುಡುಗರನ್ನು ಹಿಡಿದು ಎಳೆದುಕೊಂಡು ಹೋಗುತ್ತಿದ್ದರು. ಆಂಡರ್ಸನ್ ಕೂಡ ಹಾಗೆ ಸಿಕ್ಕಿಬಿದ್ದ. ಬೋಲ್ಟ್ ಹೋಗಿ ಬಿಡಿಸಿಕೊಂಡು ಬಂದ. 16 ತುಂಬಿದ ಮೇಲೆ ತಾನಾಗಿಯೇ ಸೇರುತ್ತಾನೆ ಎಂದು ಮಾತು ಕೊಡಬೇಕಾಯಿತು. ಆ ಮಾತಿನಂತೆ 1808ರಲ್ಲಿ ಹುಡುಗ ಹೊರಟ. ಹೊರಡುವಾಗ ಬೋಲ್ಟ್ ಹೇಳಿದ್ದು ಇಷ್ಟೇ: ಚೆನ್ನಾಗಿ ಮಾಡು, ಬಿಡದೆ ಮಾಡು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಯುದ್ಧ ಮುಗಿಯಿತು. 1815ರಲ್ಲಿ ನೌಕಾಪಡೆ ಅವನನ್ನು ಪೋರ್ಟ್ಸ್‌ಮತ್‌ನಲ್ಲಿ ಇಳಿಸಿತು. ಕೈಯಲ್ಲಿ ದುಡ್ಡಿಲ್ಲ. ಲಂಡನ್ನಿಗೆ ನಡೆದೇ ಹೋದ. ಅದು 100 ಕಿಲೋಮೀಟರಿಗೂ ಜಾಸ್ತಿ ದೂರ. ಅಲ್ಲಿ ಕೆಲಸವಿಲ್ಲದೆ ಕಷ್ಟದ ದಿನಗಳನ್ನು ಕಳೆದ. ಕೊನೆಗೆ ಬ್ರೋಡಿ ಮೆಕ್‌ಗೀ ವಿಲ್ಕಾಕ್ಸ್ ಎಂಬ ಹಡಗು ದಲ್ಲಾಳಿಯ ಕಚೇರಿಯಲ್ಲಿ ಗುಮಾಸ್ತನಾದ. ಆಗಷ್ಟೇ ಶುರುವಾಗಿದ್ದ, ತೀರಾ ಚಿಕ್ಕ ಕಚೇರಿ ಅದು. ಆರೇಳು ವರ್ಷದಲ್ಲಿ ಗುಮಾಸ್ತ ಪಾಲುದಾರನಾದ. ಮೇರಿ ಆನ್ ಹಿಲ್ ಎಂಬಾಕೆಯನ್ನು ಮದುವೆಯಾದ. ಆಕೆ ಹಡಗಿನ ಮಾಲೀಕನೊಬ್ಬನ ಮಗಳು.

ಈ ಇಬ್ಬರು ಪಾಲುದಾರರ ಹಡಗುಗಳು ಸ್ಪೇನ್ ಮತ್ತು ಪೋರ್ಚುಗಲ್ ಕಡೆಗೆ ಹೋಗುತ್ತಿದ್ದವು. 1830ರ ದಶಕದಲ್ಲಿ ಎರಡೂ ದೇಶಗಳಲ್ಲಿ ಸಿಂಹಾಸನಕ್ಕಾಗಿ ಅಂತರ್ಯುದ್ಧ ನಡೆಯಿತು. ವಿಲ್ಕಾಕ್ಸ್ ಮತ್ತು ಆಂಡರ್ಸನ್ ಎರಡೂ ಕಡೆ ರಾಣಿಯರ ಪಕ್ಷಕ್ಕೆ ಹಡಗು ಒದಗಿಸಿದರು. ಸೋತಿದ್ದರೆ ಮುಳುಗಿಹೋಗುತ್ತಿದ್ದರು. ಅವರು ನಂಬಿದ ಪಕ್ಷಗಳೇ ಗೆದ್ದವು. ಪಿ ಅಂಡ್ ಓ ಬಾವುಟದಲ್ಲಿ ನಾಲ್ಕು ಬಣ್ಣ ಇರುವುದು ಇದೇ ಕಾರಣಕ್ಕೆ. ನೀಲಿ, ಬಿಳಿ ಪೋರ್ಚುಗಲ್ಲಿನ ರಾಜಮನೆತನದ್ದು. ಕೆಂಪು, ಹಳದಿ ಸ್ಪೇನಿನದು.

ಈಗ ಟಪಾಲಿನ ವಿಷಯ. ಆ ಕಾಲದ ಆವಿ ಹಡಗಿನ ದೊಡ್ಡ ಕಷ್ಟ ಕಲ್ಲಿದ್ದಲು. ಎಂಜಿನ್‌ಗಳು ವಿಪರೀತ ಕಲ್ಲಿದ್ದಲು ತಿನ್ನುತ್ತಿದ್ದವು. ದೂರದ ಪ್ರಯಾಣವಾದರೆ ಹಡಗಿನ ಹೊಟ್ಟೆಯಲ್ಲಿ ಕಲ್ಲಿದ್ದಲಿಗೇ ಅರ್ಧ ಜಾಗ ಬೇಕು. ಉಳಿದ ಜಾಗದಲ್ಲಿ ಹತ್ತಿಯೋ ಅಕ್ಕಿಯೋ ತುಂಬಿದರೆ ಖರ್ಚು ಹುಟ್ಟುವುದಿಲ್ಲ. ಅಂಥ ಸರಕಿಗೆ ಹಾಯಿ ಹಡಗೇ ಅಗ್ಗ. ಆವಿ ಹಡಗಿಗೆ ಒಂದೇ ಒಂದು ಹೆಚ್ಚುಗಾರಿಕೆ ಇತ್ತು. ಗಾಳಿ ಬೀಸಲಿ ಬಿಡಲಿ, ಹೇಳಿದ ದಿನ ಹೊರಡುತ್ತದೆ, ಹೆಚ್ಚುಕಡಿಮೆ ಹೇಳಿದ ದಿನ ಮುಟ್ಟುತ್ತದೆ. ಆ ಸಮಯಪಾಲನೆಗೆ ಒಳ್ಳೆ ಬೆಲೆ ಕೊಡುವವರು ಯಾರು? ಪತ್ರ ಕಳಿಸುವವರು. ಅಂದರೆ ಕೊನೆಗೆ ಸರ್ಕಾರ. ಆಂಡರ್ಸನ್ ಇದನ್ನು ಸರಿಯಾಗಿ ಹಿಡಿದ. ಅವನ ಸಂಪತ್ತೆಲ್ಲ ಈ ಒಂದು ತಿಳಿವಳಿಕೆಯ ಮೇಲೆ ನಿಂತಿದೆ ಎಂದೇ ನನ್ನ ಅಭಿಪ್ರಾಯ.

ಲಿಸ್ಬನ್ ಕಡೆಯ ಟಪಾಲು ಆಗ ಹಾಯಿ ಹಡಗಿನಲ್ಲಿ ಹೋಗುತ್ತಿತ್ತು. ಗಾಳಿ ಕೈಕೊಟ್ಟರೆ ವಾರಗಟ್ಟಲೆ ತಡ. ವಾರಕ್ಕೊಮ್ಮೆ ಆವಿ ಹಡಗಿನಲ್ಲಿ ಒಯ್ಯುತ್ತೇವೆ ಎಂದು ಪಾಲುದಾರರು ಸರ್ಕಾರಕ್ಕೆ ಯೋಜನೆ ಕೊಟ್ಟರು. ಮೊದಲು ಯಾರೂ ಕಿವಿಗೊಡಲಿಲ್ಲ. ವ್ಯಾಪಾರಿಗಳ ದೂರು ಜಾಸ್ತಿಯಾದ ಮೇಲೆ ಸರ್ಕಾರ ಟೆಂಡರ್ ಕರೆಯಿತು. 1837ರ ಆಗಸ್ಟ್ 22ರಂದು ಗುತ್ತಿಗೆ ಇವರ ಕೈಸೇರಿತು. ಡಬ್ಲಿನ್‌ನ ಕ್ಯಾಪ್ಟನ್ ರಿಚರ್ಡ್ ಬೋರ್ನ್ ಮೂರನೇ ಪಾಲುದಾರ. ವೀಗೋ, ಒಪೋರ್ಟೊ, ಲಿಸ್ಬನ್, ಕಾಡಿಸ್, ಜಿಬ್ರಾಲ್ಟರ್, ಇವಿಷ್ಟು ನಿಲ್ದಾಣ. ಕಂಪನಿಯ ಹೆಸರಿನ ಮೊದಲ ‘ಪಿ’ ಇದೇ ಪೆನಿನ್ಸುಲಾ, ಅಂದರೆ ಸ್ಪೇನ್ ಮತ್ತು ಪೋರ್ಚುಗಲ್ ಇರುವ ಭೂಭಾಗ.

ಶುರುವಿನಲ್ಲೇ ದೊಡ್ಡ ಪೆಟ್ಟು ಬಿತ್ತು. ಸೆಪ್ಟೆಂಬರ್‌ನಲ್ಲಿ ಜಿಬ್ರಾಲ್ಟರ್‌ನಿಂದ ವಾಪಸು ಬರುತ್ತಿದ್ದ ‘ಡಾನ್ ಹ್ವಾನ್’ ಹಡಗು ಮಂಜಿನಲ್ಲಿ ದಾರಿ ಕಾಣದೆ ತಾರೀಫಾ ಬಳಿ ಬಂಡೆಗೆ ಬಡಿಯಿತು. ಅದು ಅವರ ಅತ್ಯುತ್ತಮ ಹಡಗು. ಆಂಡರ್ಸನ್ ಮತ್ತು ಮೇರಿ ಆನ್ ಇಬ್ಬರೂ ಅದರಲ್ಲೇ ಇದ್ದರು. ಜನ ಉಳಿದರು. ಟಪಾಲೂ ಉಳಿಯಿತು. ಹಡಗು ಹೋಯಿತು. ಗುತ್ತಿಗೆ ಕೈಗೆ ಬಂದು ಒಂದು ತಿಂಗಳೂ ಆಗಿರಲಿಲ್ಲ. ಆದರೂ ವಾರದ ಟಪಾಲು ನಿಲ್ಲಲಿಲ್ಲ.

1840ರಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದವರೆಗಿನ ಟಪಾಲು ಸಿಕ್ಕಿತು. ಅದೇ ವರ್ಷದ ಕೊನೆಯ ದಿನ ರಾಣಿಯ ಸನ್ನದು ಬಂತು. ‘ಪಿ’ ಜೊತೆಗೆ ‘ಓ’ ಸೇರಿತು. ಓ ಅಂದರೆ ಓರಿಯಂಟಲ್, ಪೂರ್ವದೇಶ. ಅಂದರೆ ನಾವು. ಎರಡು ವರ್ಷದೊಳಗೆ ಭಾರತಕ್ಕೆ ಹಡಗು ಬಿಡಬೇಕೆಂಬ ಷರತ್ತು ಅದರಲ್ಲಿತ್ತು. 1842ರ ಸೆಪ್ಟೆಂಬರ್ 24ರಂದು ‘ಹಿಂದೂಸ್ತಾನ್’ ಹಡಗು ಸೌತಾಂಪ್ಟನ್‌ನಿಂದ ಆಫ್ರಿಕಾದ ತುದಿ ಸುತ್ತಿ ಕಲ್ಕತ್ತೆಗೆ ಹೊರಟಿತು. ಮುಂದೆ ಅದು ಕಲ್ಕತ್ತೆ, ಮದರಾಸು, ಸಿಂಹಳ, ಸುಯೆಜ್ ನಡುವೆ ಓಡಾಡಿಕೊಂಡಿತ್ತು.

ಸುಯೆಜ್ ಕಾಲುವೆ ಆಗ ಇರಲಿಲ್ಲ ಅನ್ನುವುದನ್ನು ಮರೆಯಬೇಡಿ. ಅಲೆಕ್ಸಾಂಡ್ರಿಯಾದಲ್ಲಿ ಇಳಿದವರು ದೋಣಿಯಲ್ಲಿ ಬೇರೊಂದು ಕಾಲುವೆಯ ಮೂಲಕ ನೈಲ್ ನದಿಗೆ ಬರಬೇಕು. ನದಿಯ ಮೇಲೆ ಕೈರೋ. ಅಲ್ಲಿಂದ ಕುದುರೆಗಾಡಿಯಲ್ಲಿ ಮರುಭೂಮಿ ದಾಟಿ ಸುಯೆಜ್. ಅಲ್ಲಿ ಇನ್ನೊಂದು ಹಡಗು ಕಾದಿರುತ್ತಿತ್ತು. ಸಾಮಾನೆಲ್ಲ ಒಂಟೆಗಳ ಮೇಲೆ. ಸುಯೆಜ್‌ನ ಹಡಗಿಗೆ ಬೇಕಾದ ಕಲ್ಲಿದ್ದಲನ್ನು ಕೂಡ ಒಂಟೆಗಳು ಹೊತ್ತುಕೊಂಡು ಹೋಗಿದ್ದುಂಟು. ಈ ದಾರಿಯನ್ನು ಮೊದಲು ತೋರಿಸಿಕೊಟ್ಟವನು ಥಾಮಸ್ ವಾಗ್‌ಹಾರ್ನ್. ಅದನ್ನು ದೊಡ್ಡ ಪ್ರಮಾಣದಲ್ಲಿ ಕ್ರಮವಾಗಿ ನಡೆಯುವಂತೆ ಮಾಡಿದ್ದು ಪಿ ಅಂಡ್ ಓ. ಆಂಡರ್ಸನ್ ಖುದ್ದಾಗಿ ಈಜಿಪ್ಟಿಗೆ ಹೋಗಿ, ಅಲ್ಲಿನ ದೊರೆ ಮಹಮ್ಮದ್ ಅಲಿಯ ಜೊತೆ ಸರಕಿನ ಸುಂಕದ ಬಗ್ಗೆ ಮಾತಾಡಿ ಬಂದಿದ್ದ. ಆಫ್ರಿಕಾ ಸುತ್ತಿ ಬರುವಾಗ ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಪತ್ರ ಈಗ ಹೆಚ್ಚುಕಡಿಮೆ ಆರು ವಾರದಲ್ಲಿ ಬಂತು. ಆಗ ಬೆಂಗಳೂರು ದಂಡು ಪ್ರದೇಶ ಮದರಾಸು ಸೇನೆಯ ನೆಲೆ. ಅಲ್ಲಿನ ಸೋಲ್ಜರ್‌ಗಳಿಗೆ ಊರಿನಿಂದ ಬರುವ ಕಾಗದ ಮದರಾಸಿನಲ್ಲಿ ಇಳಿದು ಎತ್ತರದ ಬಯಲಿಗೆ ಹತ್ತಿ ಬರಬೇಕಿತ್ತು. ಮನೆಯವರ ಸುದ್ದಿ ಆರು ತಿಂಗಳು ಹಳತಾಗಿರುವುದಕ್ಕೂ ಆರು ವಾರ ಹಳತಾಗಿರುವುದಕ್ಕೂ ಎಷ್ಟು ಅಂತರ ಅಲ್ವಾ?

ಸುಯೆಜ್‌ನಲ್ಲಿ ಕಾಲುವೆ ತೋಡಬಹುದು ಎಂದು ಆಂಡರ್ಸನ್ 1840ರ ದಶಕದ ಆರಂಭದಲ್ಲೇ ಬರೆದಿದ್ದ. ಬ್ರಿಟಿಷ್ ಸರ್ಕಾರದಲ್ಲಿ ಪಾಮರ್‌ಸ್ಟನ್ ಆ ವಿಚಾರಕ್ಕೆ ಗಟ್ಟಿಯಾಗಿ ವಿರುದ್ಧವಿದ್ದ. ಕಾಲುವೆ ತೆರೆದದ್ದು 1869ರ ನವೆಂಬರ್‌ನಲ್ಲಿ. ಅದಕ್ಕೆ ಸುಮಾರು ಒಂದೂಮುಕ್ಕಾಲು ವರ್ಷ ಮೊದಲೇ ಆಂಡರ್ಸನ್ ತೀರಿಕೊಂಡಿದ್ದ.

ಇನ್ನು ರಾಜಕೀಯ. ಅದು 1847ರ ಚುನಾವಣೆಯಿಂದ ಶುರುವಾಯಿತು ಎಂದರೆ ತಪ್ಪಾಗುತ್ತದೆ. ಅದರ ಬೇರು ಗ್ರೆಮಿಸ್ಟಾದ ಮೀನಿನ ಕಲ್ಲುಗಳಲ್ಲಿದೆ. ಶೆಟ್ಲೆಂಡಿನ ಮೀನುಗಾರ ಆಗ ಹೇಗೆ ಬದುಕುತ್ತಿದ್ದ ನೋಡಿ. ಅವನ ಗುಡಿಸಲು, ತುಂಡು ಹೊಲ ಎರಡೂ ಜಮೀನ್ದಾರನದು. ಮೀನು ಹಿಡಿದರೆ ಜಮೀನ್ದಾರನಿಗೋ ಅವನು ಹೇಳಿದ ವ್ಯಾಪಾರಿಗೋ ಕೊಡಬೇಕು, ಅವರು ಹೇಳಿದ ಬೆಲೆಗೆ. ಬೆಲೆಯೂ ಕೈಗೆ ದುಡ್ಡಾಗಿ ಬರುವುದಿಲ್ಲ. ಅವರ ಅಂಗಡಿಯಲ್ಲೇ ಹಿಟ್ಟು, ದಾರ, ಗಾಳ ತೆಗೆದುಕೊಂಡು ಲೆಕ್ಕಕ್ಕೆ ಬರೆಸಬೇಕು. ವರ್ಷದ ಕೊನೆಗೆ ಸಾಲ ಉಳಿದೇ ಇರುತ್ತದೆ. ಬೇರೆಯವನಿಗೆ ಮೀನು ಮಾರಿದರೆ ಮನೆ ಖಾಲಿ ಮಾಡಬೇಕು. ನಮ್ಮ ಹಳ್ಳಿಗಳ ಸಾಲ ಮತ್ತು ಜೀತದ ಕಥೆ ಗೊತ್ತಿರುವವರಿಗೆ ಇದು ಹೊಸದಲ್ಲ.

ಆಂಡರ್ಸನ್ 1836ರಲ್ಲಿ ‘ಶೆಟ್ಲೆಂಡ್ ಜರ್ನಲ್’ ಎಂಬ ಪತ್ರಿಕೆ ಶುರುಮಾಡಿದ. ಆ ದ್ವೀಪಗಳಿಗೆ ಅದೇ ಮೊದಲ ಪತ್ರಿಕೆ. ಅಚ್ಚಾಗುತ್ತಿದ್ದದ್ದು ಲಂಡನ್ನಿನಲ್ಲಿ. ಅದರ ಮಾದರಿ ಸಂಚಿಕೆ 1835ರದು. ಅದರಲ್ಲಿ ಒಂದು ಜಾಹೀರಾತು ಇದೆ. ಆವಿ ಹಡಗಿನಲ್ಲಿ ಶೆಟ್ಲೆಂಡ್, ಫಾರೋ, ಐಸ್‌ಲ್ಯಾಂಡ್ ಸುತ್ತುವ ವಿಹಾರದ ಪ್ರವಾಸ. ಅಂಥ ಪ್ರವಾಸ ಯಾವುದೂ ಇರಲಿಲ್ಲ. ಜಾಗ ತುಂಬಿಸಲು ಬರೆದ ಕಲ್ಪನೆ ಅದು. ಸಮುದ್ರದ ಮೇಲೆ ಜನ ಖುಷಿಗಾಗಿ ಹೋಗಬಹುದು ಎಂದು ಆಗಲೇ ಹೊಳೆದಿತ್ತಲ್ಲ, ಅದು ನನಗೆ ಅಚ್ಚರಿ.

ಮರುವರ್ಷ ಶೆಟ್ಲೆಂಡ್ ಮೀನುಗಾರಿಕೆ ಕಂಪನಿ ಕಟ್ಟಿದ. ಮೀನುಗಾರರು ತಮಗೆ ಬೇಕಾದವರಿಗೆ ಮೀನು ಮಾರಿ ನಗದು ಪಡೆಯಲಿ ಎಂಬುದು ಉದ್ದೇಶ. ಹೆಂಗಸರು ಹೆಣೆಯುವ ಉಣ್ಣೆ ಬಟ್ಟೆಗೆ ಹೊರಗೆ ಮಾರುಕಟ್ಟೆ ಸಿಗಲೆಂದು ನಯವಾದ ಕಾಲುಚೀಲಗಳನ್ನು ರಾಣಿ ವಿಕ್ಟೋರಿಯಾಗೇ ಕಾಣಿಕೆ ಕೊಟ್ಟ. ಅರಮನೆಗೆ ಹೋದ ವಸ್ತುವಿಗೆ ಲಂಡನ್ನಿನಲ್ಲಿ ಗಿರಾಕಿ ಹುಟ್ಟುತ್ತಾರೆ ಎಂದು ಅವನಿಗೆ ಗೊತ್ತಿತ್ತು. ಪತ್ರಿಕೆಯೂ ಮೀನುಗಾರಿಕೆ ಕಂಪನಿಯೂ ಹೆಚ್ಚು ಕಾಲ ಉಳಿಯಲಿಲ್ಲ.

1847ರಲ್ಲಿ ಆರ್ಕ್ನಿ ಮತ್ತು ಶೆಟ್ಲೆಂಡ್ ಕ್ಷೇತ್ರಕ್ಕೆ ನಿಂತ. ಎದುರಾಳಿ ಫ್ರೆಡರಿಕ್ ಡಂಡಸ್, ಹತ್ತು ವರ್ಷದಿಂದ ಸಂಸದ, ದೊಡ್ಡ ಜಮೀನ್ದಾರಿ ಮನೆತನದವ. ಮತ ಹಾಕುವ ಹಕ್ಕು ಆಸ್ತಿ ಇದ್ದ ಕೆಲವೇ ನೂರು ಗಂಡಸರಿಗೆ. ಮತ ಗುಟ್ಟಾಗಿಯೂ ಇರಲಿಲ್ಲ, ಎಲ್ಲರೆದುರು ಹೇಳಬೇಕು. ಗುಪ್ತ ಮತದಾನ ಬಂದದ್ದು 1872ರಲ್ಲಿ. ಅಂಥ ಕಾಲದಲ್ಲಿ ಜಮೀನ್ದಾರಿ ಮನೆತನದವನನ್ನು ಅದೇ ದಡದಲ್ಲಿ ಮೀನು ಒಣಗಿಸಿದವನು ಸೋಲಿಸಿದ. ಅದೇ ಚುನಾವಣೆಯಲ್ಲಿ ವಿಲ್ಕಾಕ್ಸ್ ಕೂಡ ಸೌತಾಂಪ್ಟನ್‌ನಿಂದ ಗೆದ್ದ. ಒಂದೇ ಕಂಪನಿಯ ಇಬ್ಬರು ಪಾಲುದಾರರು ಒಟ್ಟಿಗೆ ಸಂಸತ್ತಿಗೆ ಬಂದರು.

ಇಲ್ಲಿಗೆ ನಿಮ್ಮ ಎರಡನೇ ಪ್ರಶ್ನೆ ಬರುತ್ತದೆ. ಸರ್ಕಾರದ ಗುತ್ತಿಗೆದಾರ ಸಂಸದನಾಗಬಾರದು ಎಂಬ ಕಾನೂನು 1782ರಿಂದಲೇ ಇತ್ತು. ಆದರೆ ಅದರಲ್ಲಿ ಒಂದು ಬಾಗಿಲು ತೆರೆದಿತ್ತು. ಹತ್ತಕ್ಕಿಂತ ಹೆಚ್ಚು ಜನರಿರುವ ಕಂಪನಿಯ ಹೆಸರಿನಲ್ಲಿ ಗುತ್ತಿಗೆ ಇದ್ದರೆ ಆ ನಿಷೇಧ ತಗಲುತ್ತಿರಲಿಲ್ಲ. ಒಬ್ಬ ಮನುಷ್ಯ ಸರ್ಕಾರಕ್ಕೆ ಹಗ್ಗ ಮಾರಿದರೆ ಕುರ್ಚಿ ಬಿಡಬೇಕು, ನೂರಾರು ಷೇರುದಾರರ ಕಂಪನಿ ಟಪಾಲು ಹೊತ್ತರೆ ಅದರ ನಿರ್ದೇಶಕ ಕೂರಬಹುದು. ಹಾಗಾಗಿ ಆಂಡರ್ಸನ್ ಕಾನೂನು ಮುರಿಯಲಿಲ್ಲ. ಆದರೆ ಹಿತಾಸಕ್ತಿಯ ಸಂಘರ್ಷ ಇತ್ತೇ ಎಂದು ಕೇಳಿದರೆ, ಖಂಡಿತ ಇತ್ತು. ನಾನು ಅದನ್ನು ಮೆತ್ತಗೆ ಹೇಳುವುದಿಲ್ಲ. ಕಂಪನಿಯ ಉಸಿರೇ ಟಪಾಲಿನ ದುಡ್ಡು. ಆ ದುಡ್ಡಿನ ಲೆಕ್ಕ ಕೇಳಬೇಕಾದ ಸದನದಲ್ಲಿ ಕಂಪನಿಯ ಇಬ್ಬರು ಮುಖ್ಯಸ್ಥರು ಸದಸ್ಯರು. ಇದು ಆಗಿನವರ ಕಣ್ಣಿಗೂ ಬಿದ್ದಿತ್ತು. ಟಪಾಲು ಗುತ್ತಿಗೆಗಳ ಬಗ್ಗೆ 1849ರಲ್ಲಿ ಸಂಸತ್ತಿನ ಸಮಿತಿಯೊಂದು ವಿಚಾರಣೆ ನಡೆಸಿತು. 1851ರಲ್ಲಿ ಈಸ್ಟರ್ನ್ ಸ್ಟೀಮ್ ನ್ಯಾವಿಗೇಶನ್ ಎಂಬ ಹೊಸ ಕಂಪನಿ ಪೂರ್ವದ ಗುತ್ತಿಗೆಗೆ ಪೈಪೋಟಿ ಮಾಡಿತು. ಕೊನೆಗೆ ಗೆದ್ದದ್ದು ಪಿ ಅಂಡ್ ಓ.

ಸದನದಲ್ಲಿ ಅವನು ಲಿಬರಲ್. ಮುಕ್ತ ವ್ಯಾಪಾರದ ಪರ. ಐದು ವರ್ಷ ಇದ್ದು, 1852ರಲ್ಲಿ ಮತ್ತೆ ನಿಲ್ಲಲಿಲ್ಲ. ಡಂಡಸ್ ವಾಪಸು ಗೆದ್ದು 1872ರವರೆಗೆ ಇದ್ದ. ಮೀನುಗಾರರ ಸಾಲದ ವ್ಯವಸ್ಥೆ ಆಂಡರ್ಸನ್ ಕಾಲದಲ್ಲಿ ಮುರಿಯಲಿಲ್ಲ. 1872ರಲ್ಲಿ ಸರ್ಕಾರದ ಆಯೋಗವೊಂದು ಅದರ ಬಗ್ಗೆ ವಿಚಾರಣೆ ನಡೆಸಿತು. ಗೇಣಿದಾರರಿಗೆ ಭೂಮಿಯ ಭದ್ರತೆ ಸಿಕ್ಕಿದ್ದು 1886ರ ಕಾನೂನಿನಿಂದ. ಐದು ವರ್ಷದ ಸಂಸದನಾಗಿ ಅವನು ಮಾಡಿದ್ದಕ್ಕಿಂತ ಪತ್ರಿಕೆ, ಮೀನುಗಾರಿಕೆ ಕಂಪನಿ, ಶಾಲೆ ಮೂಲಕ ಮಾಡಿದ್ದೇ ದೊಡ್ಡದು ಎಂದು ನನಗೆ ಅನಿಸುತ್ತದೆ.

ಮೂರನೇ ಪ್ರಶ್ನೆಗೆ ಸುಮ್ನೆ ಹೌದು ಅಥವಾ ಇಲ್ಲ ಎನ್ನಲಾರೆ. ಎರಡೂ ಬದಿ ಹೇಳುತ್ತೇನೆ.

ಶೆಟ್ಲೆಂಡಿನ ಮೀನುಗಾರನಿಗಾಗಿ ಅಷ್ಟು ಮರುಗಿದವನ ಕಂಪನಿ 1847ರಿಂದ ಭಾರತದ ಅಫೀಮನ್ನು ಚೀನಾಕ್ಕೆ ಸಾಗಿಸಿತು. ಮಾಳವದ ಅಫೀಮು ಬೊಂಬಾಯಿಂದ, ಬಂಗಾಳದ್ದು ಕಲ್ಕತ್ತೆಯಿಂದ. ಅಫೀಮಿಗೆ ಜಾಗ ಕಡಿಮೆ ಸಾಕು, ಬೆಲೆ ಜಾಸ್ತಿ, ಬೇಗ ತಲುಪಬೇಕು. ಆವಿ ಹಡಗಿಗೆ ಇದಕ್ಕಿಂತ ಹೊಂದುವ ಸರಕಿಲ್ಲ. ಪೂರ್ವದ ಸಾಗಣೆಯ ಲಾಭದಲ್ಲಿ ಅದರ ಪಾಲು ದೊಡ್ಡದು. ಪಿ ಅಂಡ್ ಓ ಹಡಗುಗಳಲ್ಲಿ ದುಡಿದ ನಮ್ಮವರ ಮಾತೂ ಇದೆ. ಡೆಕ್ ಮೇಲಿನ ಖಲಾಸಿಗಳಲ್ಲಿ ಕೊಂಕಣದವರು, ಕಾಠಿಯಾವಾಡದವರು ಇದ್ದರು. ಊಟ ಬಡಿಸುವ, ಕ್ಯಾಬಿನ್ ನೋಡಿಕೊಳ್ಳುವ ಕೆಲಸದಲ್ಲಿ ಗೋವಾದವರು. ಅದೇ ಕೆಲಸಕ್ಕೆ ಯುರೋಪಿನ ನಾವಿಕನಿಗೆ ಸಿಗುತ್ತಿದ್ದ ಸಂಬಳಕ್ಕಿಂತ ಅವರದು ತುಂಬಾ ಕಡಿಮೆ. 1857ರಲ್ಲಿ ದಂಗೆ ಎದ್ದಾಗ ಬ್ರಿಟಿಷ್ ಸೈನಿಕರ ಕೆಲವು ತುಕಡಿಗಳು ಬೇಗ ಭಾರತ ಮುಟ್ಟಿದ್ದು ಈಜಿಪ್ಟಿನ ಇದೇ ದಾರಿಯಲ್ಲಿ. ಪತ್ರ ತರುವ ದಾರಿಯೇ ಬಂದೂಕನ್ನೂ ತಂದಿತು.

ಇನ್ನೊಂದು ಬದಿಯೂ ಅಷ್ಟೇ ನಿಜ. 1862ರಲ್ಲಿ ವಿಲ್ಕಾಕ್ಸ್ ತೀರಿಕೊಂಡ ಮೇಲೆ ಆಂಡರ್ಸನ್ ಕಂಪನಿಯ ಅಧ್ಯಕ್ಷನಾದ. ಅದೇ ವರ್ಷ ಲೆರ್ವಿಕ್‌ನಲ್ಲಿ ಅವನ ದುಡ್ಡಿನಿಂದ ಕಟ್ಟಿದ ಶಾಲೆ ತೆರೆಯಿತು. ಮೀನುಗಾರನ ಮಗ ಊರು ಬಿಡದೆ ಒಳ್ಳೆ ವಿದ್ಯೆ ಕಲಿಯಲಿ ಎಂದು. ಬೋಲ್ಟ್ ಹೇಳಿದ ಮಾತನ್ನೇ ಶಾಲೆಯ ಧ್ಯೇಯವಾಕ್ಯ ಮಾಡಿದ. ಆಂಡರ್ಸನ್ ಹೈಸ್ಕೂಲ್ ಇಂದಿಗೂ ಲೆರ್ವಿಕ್‌ನಲ್ಲಿ ನಡೆಯುತ್ತಿದೆ. ಅವನಿಗೆ ಮಕ್ಕಳಿರಲಿಲ್ಲ. 1864ರಲ್ಲಿ ಮೇರಿ ಆನ್ ತೀರಿಕೊಂಡಳು. ಮರುವರ್ಷ ಅವಳ ನೆನಪಿಗೆ ಶೆಟ್ಲೆಂಡಿನ ನಾವಿಕರ, ಮೀನುಗಾರರ ವಿಧವೆಯರಿಗಾಗಿ ಮನೆಗಳನ್ನು ಕಟ್ಟಿಸಿದ. ಸಮುದ್ರಕ್ಕೆ ಹೋದವರು ವಾಪಸು ಬರದ ಊರು ಅದು. ವಿಧವೆಗೆ ಮೊದಲು ಹೋಗುವುದು ಸೂರು ಎಂದು ಅಲ್ಲಿ ಹುಟ್ಟಿದವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

1868ರ ಫೆಬ್ರವರಿ ಕೊನೆಯಲ್ಲಿ ಆಂಡರ್ಸನ್ ಲಂಡನ್ನಿನಲ್ಲಿ ತೀರಿಕೊಂಡ. ಸಮಾಧಿ ವೆಸ್ಟ್ ನಾರ್ವುಡ್ ಸ್ಮಶಾನದಲ್ಲಿದೆ. ಗ್ರೆಮಿಸ್ಟಾದ ಆ ಮನೆ ಈಗ ವಸ್ತುಸಂಗ್ರಹಾಲಯ. ಅಲ್ಲಿ ಶೆಟ್ಲೆಂಡಿನ ನೇಯ್ಗೆ, ಹೆಣಿಗೆಗಳನ್ನು ಇಟ್ಟಿದ್ದಾರೆ.

ನೀವು ಫೋಟೊದಲ್ಲಿ ನೋಡಿದ ‘ರಾಜಪುತಾನಾ’ ಏನಾಯಿತು ಎಂದೂ ಹೇಳಿಬಿಡುತ್ತೇನೆ. ಎರಡನೇ ಮಹಾಯುದ್ಧದಲ್ಲಿ ಅದಕ್ಕೆ ತೋಪು ಕೂರಿಸಿ ಕಾವಲಿಗೆ ಹಾಕಿದರು. 1941ರ ಏಪ್ರಿಲ್‌ನಲ್ಲಿ ಜರ್ಮನ್ ಜಲಾಂತರ್ಗಾಮಿಯೊಂದು ಅದನ್ನು ಮುಳುಗಿಸಿತು. ಜಾಗ, ಐಸ್‌ಲ್ಯಾಂಡಿನ ಪಶ್ಚಿಮದ ಸಮುದ್ರ. 1835ರ ಆ ಮಾದರಿ ಸಂಚಿಕೆಯಲ್ಲಿ ಆಂಡರ್ಸನ್ ಇಲ್ಲದ ಹಡಗನ್ನು ವಿಹಾರಕ್ಕೆ ಕಳಿಸಿದ್ದು ಅದೇ ದ್ವೀಪದ ಕಡೆಗೆ.